ಇಟ್ಟಿಗೆ ಮಣ್ಣಿನಿಂದ ಎದ್ದು ಬಂದ ಮಹಾಮೀನು

ಇಂಗ್ಲೆಂಡಿನ ಪೂರ್ವಭಾಗದ ಪೀಟರ್‌ಬರೊ ಊರಿನ ಸುತ್ತ ಸಿಗುವ ಜೇಡಿಮಣ್ಣು ಇಟ್ಟಿಗೆ ಸುಡುವವರಿಗೆ ದೊಡ್ಡ ವರ. ಗೂಡಿಗೆ ಹಾಕಿ ಬೆಂಕಿ ಕೊಟ್ಟರೆ ಮಣ್ಣಿನೊಳಗೇ ಇರುವ ಎಣ್ಣೆಯಂಥ ಅಂಶ ಹೊತ್ತಿಕೊಂಡು ಉರಿಯುತ್ತದೆ, ಕಲ್ಲಿದ್ದಲಿನ ಖರ್ಚು ಬಹಳಷ್ಟು ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇದು ಗೊತ್ತಾದ ಮೇಲೆ ಊರಿನ ಸುತ್ತ ದೊಡ್ಡ ದೊಡ್ಡ ಮಣ್ಣಿನ ಹೊಂಡಗಳು ಬಾಯಿ ತೆರೆದವು. ಲಂಡನ್ನಿನ ಎಷ್ಟೋ ಮನೆಗಳು ಈ ಮಣ್ಣಿನ ಇಟ್ಟಿಗೆಯಲ್ಲೇ ಎದ್ದಿವೆ.

ಆ ಎಣ್ಣೆಯಂಥ ಅಂಶ ಎಲ್ಲಿಂದ ಬಂತು? ಸುಮಾರು 16 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಕಾಲದಲ್ಲಿ, ಅಲ್ಲಿ ಬೆಚ್ಚಗಿನ, ಹೆಚ್ಚು ಆಳವಿಲ್ಲದ ಸಮುದ್ರವಿತ್ತು. ಅದರ ನೀರಿನಲ್ಲಿ ತೇಲುತ್ತಿದ್ದ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಅಂದರೆ ಪ್ಲಾಂಕ್ಟನ್, ಸತ್ತು ತಳ ಸೇರಿ ಕೆಸರಿನಲ್ಲಿ ಬೆರೆತವು. ಇಟ್ಟಿಗೆ ಗೂಡಿನಲ್ಲಿ ಉರಿದದ್ದು ಅವುಗಳ ಶೇಷ. ನಾನು ಇಲ್ಲಿ ಹೇಳಹೊರಟಿರುವ ಮೀನು ಬದುಕಿದ್ದು ಅದೇ ಪ್ಲಾಂಕ್ಟನ್ನಿನ ಬಲದಿಂದ. ಊಟವೇ ಉರುವಲಾಯಿತು, ಉರುವಲಿನ ಆಸೆಗೆ ಹೊಂಡ ತೋಡಿದರು, ಹೊಂಡ ತೋಡಿದ್ದರಿಂದ ಉಂಡವನ ಎಲುಬು ಹೊರಬಂತು. ಪ್ರಾಣಿಶಾಸ್ತ್ರ ಪಾಠ ಮಾಡಿಕೊಂಡು ಆಯುಷ್ಯ ಕಳೆದ ನನಗೆ ಇದಕ್ಕಿಂತ ಚೆಂದದ ಸರಪಳಿ ಇನ್ನೊಂದು ಕಂಡಿಲ್ಲ.

ಮೀನಿನ ಹೆಸರು ಲೀಡ್ಸಿಕ್ತಿಸ್. ಅದರ ಕುಟುಂಬದ ಹೆಸರು ಪ್ಯಾಕಿಕಾರ್ಮಿಡೆ. ಈ ಕುಟುಂಬದ ಒಂದು ಮೀನೂ ಇವತ್ತು ಭೂಮಿಯ ಮೇಲಿಲ್ಲ. ಜುರಾಸಿಕ್ ಕಾಲದ ಮೊದಲ ಭಾಗದಿಂದ ಕ್ರಿಟೇಷಿಯಸ್ ಕಾಲದ ಕೊನೆಯವರೆಗೆ, ಅಂದರೆ ಹತ್ತು ಕೋಟಿಗೂ ಹೆಚ್ಚು ವರ್ಷ, ಅವು ಸಮುದ್ರದಲ್ಲಿದ್ದವು. ನೆಲದ ಮೇಲೆ ಡೈನೊಸಾರುಗಳಿದ್ದ ಕಾಲವೇ ಅದು. ಡೈನೊಸಾರಿನ ಹೆಸರು ಒಂದನೇ ತರಗತಿಯ ಮಗುವಿಗೂ ಗೊತ್ತು. ಈ ಮೀನುಗಳ ಹೆಸರು ಪದವಿ ತರಗತಿಯ ಪಠ್ಯದಲ್ಲೂ ಇರುವುದು ಅಪರೂಪ, ನಾನೇ ಪಾಠ ಮಾಡಿದ ಪಠ್ಯದಲ್ಲಿ ಇರಲಿಲ್ಲ. ಅದರ ಬಗ್ಗೆ ನನಗೆ ಬೇಸರವಿದೆ, ಅದಕ್ಕೇ ಈ ಲೇಖನ.

ನಾವು ಪೇಟೆಯಲ್ಲಿ ಕೊಳ್ಳುವ ಬಂಗುಡೆ, ಬೂತಾಯಿ, ಮಾಂಜಿ, ಅಂಜಲ್, ಕೆರೆಯ ಕಾಟ್ಲಾ, ರೋಹು ಎಲ್ಲವೂ ಒಂದೇ ದೊಡ್ಡ ಗುಂಪಿಗೆ ಸೇರಿದವು. ಅವುಗಳ ರೆಕ್ಕೆ ಎಂದರೆ ತೆಳುವಾದ ಎಲುಬಿನ ಕಡ್ಡಿಗಳನ್ನು ಸಾಲಾಗಿ ಇಟ್ಟು ಮೇಲೆ ಚರ್ಮ ಹೊದಿಸಿದ ರಚನೆ. ಶಾರ್ಕ್, ತೊರಕೆ ಈ ಗುಂಪಿನವಲ್ಲ, ಅವುಗಳದು ಮೃದ್ವಸ್ಥಿಯ ಮೈ. ಪ್ಯಾಕಿಕಾರ್ಮಿಡ್‌ಗಳು ಕಡ್ಡಿರೆಕ್ಕೆಯ ಗುಂಪಿನವು, ಇವತ್ತಿನ ಬಹುಪಾಲು ಮೀನುಗಳ ವಂಶವೃಕ್ಷದ ಬುಡದ ಹತ್ತಿರ ಕವಲೊಡೆದವು. ಎದೆರೆಕ್ಕೆ ಉದ್ದ, ಕಿರಿದು, ಕುಡುಗೋಲಿನ ಹಾಗೆ ಬಾಗಿದ್ದು. ಹೊಟ್ಟೆಯ ಕೆಳಗಿನ ರೆಕ್ಕೆ ಬಹಳ ಚಿಕ್ಕದು, ಕೆಲವದರಲ್ಲಿ ಇಲ್ಲವೇ ಇಲ್ಲ. ಬಾಲ ಮಾತ್ರ ಗಟ್ಟಿ, ಎತ್ತರ, ಇಬ್ಭಾಗ. ಬಾಲದ ಈ ಆಕಾರ ಇವತ್ತಿನ ಕೇದರ ಮೀನಿನಲ್ಲೂ ಇದೆ. ದೂರದೂರ ನಿಲ್ಲದೆ ಈಜುವ ಮೀನಿನ ಗುರುತು ಅದು.

ಇನ್ನು ಆಲ್ಫ್ರೆಡ್ ನಿಕೋಲ್ಸನ್ ಲೀಡ್ಸ್ ಅವರ ವಿಷಯಕ್ಕೆ ಬರುತ್ತೇನೆ. 1847ರಲ್ಲಿ ಹುಟ್ಟಿದವರು, ಪೀಟರ್‌ಬರೊ ಹತ್ತಿರದ ಐಬರಿ ಎಂಬಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಯಾವ ವಿಶ್ವವಿದ್ಯಾಲಯದಲ್ಲೂ ಪ್ರಾಧ್ಯಾಪಕರಾಗಿರಲಿಲ್ಲ. ಆ ಕಾಲದಲ್ಲಿ ಹೊಂಡದ ಮಣ್ಣನ್ನು ಕೂಲಿಗಳು ಗುದ್ದಲಿ ಹಿಡಿದು ಕೈಯಲ್ಲೇ ಅಗೆಯುತ್ತಿದ್ದರು. ಕೈಯಲ್ಲಿ ಅಗೆಯುವವನಿಗೆ ಎಲುಬು ತಾಗಿದ್ದು ತಿಳಿಯುತ್ತದೆ. ಅವರು ಲೀಡ್ಸ್‌ಗೆ ಸುದ್ದಿ ಕಳಿಸುತ್ತಿದ್ದರು, ಲೀಡ್ಸ್ ಬಂದು ತುಣುಕು ತುಣುಕನ್ನೂ ಆಯ್ದು ಮನೆಗೆ ಒಯ್ದು ತೊಳೆದು, ಮುರಿದದ್ದನ್ನು ಹೊಂದಿಸಿ ಅಂಟಿಸುತ್ತಿದ್ದರು. ಮುಂದೆ ಹಬೆಯಂತ್ರದ ಸಲಿಕೆಗಳು ಬಂದ ಮೇಲೆ ಎಲುಬು ಸಿಗುವುದು ಕಡಿಮೆಯಾಯಿತು, ಯಂತ್ರಕ್ಕೆ ಎಲುಬೂ ಮಣ್ಣೂ ಒಂದೇ. ಕೈಯಿಂದ ಅಗೆಯುವ ಪದ್ಧತಿ ಇನ್ನೂ ಇದ್ದ ಆ ಕೆಲವು ದಶಕಗಳಲ್ಲೇ ಲೀಡ್ಸ್‌ರಂಥ ಒಬ್ಬರು ಆ ಊರಿನಲ್ಲಿದ್ದದ್ದು ನಮ್ಮ ಪುಣ್ಯ. ಜುರಾಸಿಕ್ ಸಮುದ್ರದ ಸರೀಸೃಪಗಳ ಬಗ್ಗೆ ಜಗತ್ತು ತಿಳಿದಿರುವುದರಲ್ಲಿ ದೊಡ್ಡ ಪಾಲು ಆ ರೈತರ ಮನೆಯಿಂದ ಬಂದದ್ದು.

ಅವರ ಸಂಗ್ರಹದಲ್ಲಿ ಚಪ್ಪಟೆಯಾದ, ಅಗಲವಾದ ಕೆಲವು ಎಲುಬುಗಳಿದ್ದವು. ಯಾವ ಪ್ರಾಣಿಯದೆಂದು ಯಾರಿಗೂ ತಿಳಿಯಲಿಲ್ಲ. 1887ರಲ್ಲಿ ಜಾನ್ ವಿಟೇಕರ್ ಹಲ್ಕ್ ಎಂಬ ವಿದ್ವಾಂಸರು, ವೃತ್ತಿಯಲ್ಲಿ ಶಸ್ತ್ರವೈದ್ಯರು, ಇವು ಬೆನ್ನ ಮೇಲೆ ಫಲಕಗಳಿರುವ ಡೈನೊಸಾರಿನ ರಕ್ಷಾಕವಚ ಎಂದು ಬರೆದರು. ಮರುವರ್ಷ ಅಮೆರಿಕದ ಆತ್ನಿಯಲ್ ಚಾರ್ಲ್ಸ್ ಮಾರ್ಷ್ ಐಬರಿಗೆ ಬಂದರು. ಬೆನ್ನುಫಲಕದ ಡೈನೊಸಾರಾದ ಸ್ಟೆಗೊಸಾರಸ್‌ಗೆ 1877ರಲ್ಲಿ ಹೆಸರಿಟ್ಟವರೇ ಮಾರ್ಷ್. ಅಂಥ ಫಲಕಗಳನ್ನು ಕಂಡು ಪಳಗಿದ ಅವರ ಕಣ್ಣಿಗೆ ಇವು ಡೈನೊಸಾರಿನವಲ್ಲ, ಮೀನಿನವು ಎಂದು ಹೊಳೆಯಿತು. ಬ್ರಿಟಿಷ್ ಮ್ಯೂಸಿಯಮ್ಮಿನ ಮೀನು ತಜ್ಞ ಆರ್ಥರ್ ಸ್ಮಿತ್ ವುಡ್‌ವರ್ಡ್ 1889ರಲ್ಲಿ ಅದನ್ನು ಶಾಸ್ತ್ರೀಯವಾಗಿ ವಿವರಿಸಿದರು. ಲೀಡ್ಸ್ ಹೆಸರು ಮೀನಿಗೆ ಸೇರಿದ್ದು ಆಗ. ಒಬ್ಬ ರೈತನ ಹೆಸರು ಜಗತ್ತಿನ ಅತಿ ದೊಡ್ಡ ಎಲುಬು ಮೀನಿಗೆ ಅಂಟಿಕೊಂಡಿತು.

ಡೈನೊಸಾರ್ ಎಂದು ತಿಳಿದದ್ದರಲ್ಲಿ ಹಲ್ಕ್ ಅವರ ತಪ್ಪೇನೂ ಇಲ್ಲ. ಈ ಮೀನು ಸತ್ತ ಮೇಲೆ ಉಳಿಯುವುದೇ ಚೂರುಪಾರು. ಬೆನ್ನುಮೂಳೆಯ ಮಣಿಗಳು ಎಲುಬಾಗಿ ಗಟ್ಟಿಗೊಳ್ಳುತ್ತಲೇ ಇರಲಿಲ್ಲ, ಕೊಳೆತು ಹೋಗುತ್ತಿದ್ದವು. ತಲೆಯ ಎಲುಬುಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದಿರಲಿಲ್ಲ, ಕೆಸರಿಗೆ ಬಿದ್ದು ಚೆದುರಿ ಮೇಲಿನ ಮಣ್ಣಿನ ಭಾರಕ್ಕೆ ಪುಡಿಯಾಗುತ್ತಿದ್ದವು. ವುಡ್‌ವರ್ಡ್ ಆಧಾರವಾಗಿಟ್ಟುಕೊಂಡ ಮಾದರಿಯಲ್ಲೇ ಸಾವಿರಕ್ಕೂ ಹೆಚ್ಚು ತುಂಡುಗಳಿವೆ. ಮೈ ದೊಡ್ಡದಾದಷ್ಟೂ ಅಸ್ಥಿಪಂಜರ ಹಗುರ. ಈ ವಂಶದ ದೊಡ್ಡ ಮೀನುಗಳೆಲ್ಲ ಹಿಡಿದ ದಾರಿ ಅದು. ಬದುಕಿದ್ದಾಗ ಅದರಿಂದ ಅನುಕೂಲವಿತ್ತು, ಪಳೆಯುಳಿಕೆ ಹುಡುಕುವವರಿಗೆ ಮಾತ್ರ ಅದೇ ತಲೆನೋವು.

1898ರಲ್ಲಿ ಲೀಡ್ಸ್ ಒಂದು ಬಾಲವನ್ನು ಹೊರತೆಗೆದರು. ಈಗ ಅದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಸೊತ್ತು. ಬಾಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 2.7 ಮೀಟರ್, ಹೆಚ್ಚುಕಡಿಮೆ ಒಂಬತ್ತು ಅಡಿ. ನಮ್ಮ ಮನೆಗಳ ತಾರಸಿಗೂ ನೆಲಕ್ಕೂ ಇರುವ ಎತ್ತರದಷ್ಟು ಬರೀ ಬಾಲ! ಮಣ್ಣಿನ ಬಣ್ಣದ ಉದ್ದುದ್ದ ಕಡ್ಡಿಗಳು ಒತ್ತೊತ್ತಾಗಿ ಜೋಡಿಸಿಕೊಂಡು ಎರಡು ಕವಲಾಗಿ ಹರಡಿವೆ. ಒಂದೊಂದು ಕಡ್ಡಿಯೂ ತುದಿಗೆ ಹೋದಂತೆ ಸೀಳಿ ಸೀಳಿ ಕವಲೊಡೆಯುತ್ತದೆ. ಈ ಮೀನುಗಳ ರೆಕ್ಕೆಯ ಕಡ್ಡಿಗಳಲ್ಲಿ ಅಡ್ಡಗೆರೆಯ ಗಂಟುಗಳು ಕಡಿಮೆ. ಬೇರೆ ಮೀನುಗಳಲ್ಲಿ ಕಡ್ಡಿ ಅಲ್ಲಲ್ಲಿ ತುಂಡುತುಂಡಾಗಿ ಬಾಗಲು ಅನುಕೂಲವಿರುತ್ತದೆ. ಇದು ಬಾಗುವ ಬಾಲವಲ್ಲ, ನೀರನ್ನು ತಳ್ಳುವ ಬಾಲ.

ಬಾಲ ಇಷ್ಟಿದ್ದರೆ ಮೀನು ಎಷ್ಟು? ಇಡೀ ಕಥೆಯಲ್ಲಿ ನನಗೆ ತುಂಬ ಹಿಡಿಸಿದ್ದು ಈ ಪ್ರಶ್ನೆಗೆ ನೂರು ವರ್ಷಗಳಲ್ಲಿ ಸಿಕ್ಕ ಉತ್ತರಗಳು. 1905ರಲ್ಲಿ ವುಡ್‌ವರ್ಡ್ ಒಂದು ಸರಳ ಲೆಕ್ಕ ಹಾಕಿದರು. ಇದೇ ಕುಟುಂಬದ ಹಿಪ್ಸೊಕಾರ್ಮಸ್ ಎಂಬ ಚಿಕ್ಕ ಮೀನು ಇಡಿಯಾಗಿ ಸಿಕ್ಕಿತ್ತು. ಅದರ ಬಾಲಕ್ಕೂ ಮೈಗೂ ಇರುವ ಅನುಪಾತವನ್ನು ಇಲ್ಲಿಗೆ ಅನ್ವಯಿಸಿದರೆ ಸುಮಾರು 9 ಮೀಟರ್ ಬಂತು. 1980ರ ದಶಕದಲ್ಲಿ ಡೇವಿಡ್ ಮಾರ್ಟಿಲ್ ಬೇರೆ ಬೇರೆ ಎಲುಬುಗಳನ್ನು ಹಿಡಿದು ಅದೇ ಬಗೆಯ ಹೋಲಿಕೆಯಿಂದ ಲೆಕ್ಕ ಹಾಕಿದಾಗ ಅತಿ ಹೆಚ್ಚಿನ ಅಂದಾಜು 27.6 ಮೀಟರ್‌ವರೆಗೆ ಹೋಯಿತು. ನೀಲಿ ತಿಮಿಂಗಿಲದ ಹತ್ತಿರಕ್ಕೆ! ಪುಸ್ತಕಗಳು, ಟಿವಿ ಕಾರ್ಯಕ್ರಮಗಳು ಆ ದೊಡ್ಡ ಅಂಕಿಯನ್ನೇ ಹಿಡಿದುಕೊಂಡವು. ಸಣ್ಣ ಅಂದಾಜುಗಳನ್ನು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ 2001ರಲ್ಲಿ ಪೀಟರ್‌ಬರೊ ಪಕ್ಕದ ವಿಟ್ಲ್‌ಸಿ ಎಂಬಲ್ಲಿ, ಸ್ಟಾರ್ ಪಿಟ್ ಎಂಬ ಇಟ್ಟಿಗೆ ಹೊಂಡದ ಗೋಡೆಯಲ್ಲಿ, ಇಬ್ಬರು ವಿದ್ಯಾರ್ಥಿಗಳಿಗೆ ಎಲುಬಿನ ತುದಿಗಳು ಕಂಡವು. ಮೇಲೆ ಸುಮಾರು 15 ಮೀಟರ್ ದಪ್ಪದ ಮಣ್ಣು. ಜೆಫ್ ಲಿಸ್ಟನ್ ಎಂಬ ಸಂಶೋಧಕರ ನೇತೃತ್ವದಲ್ಲಿ ಮುಂದಿನ ಎರಡು ಬೇಸಿಗೆಗಳಲ್ಲಿ ಸಾವಿರಾರು ಟನ್ ಮಣ್ಣು ಸರಿಸಿ ಅಗೆದರು. 2,000ಕ್ಕೂ ಹೆಚ್ಚು ತುಣುಕುಗಳು ಸಿಕ್ಕವು, ಅದರಲ್ಲಿ ಎರಡೂ ಎದೆರೆಕ್ಕೆಗಳಿದ್ದವು. ಲಿಸ್ಟನ್ ತಮ್ಮ ಜೀವಮಾನದ ಬಹುಪಾಲನ್ನು ಈ ಒಂದೇ ಮೀನಿಗೆ ಕೊಟ್ಟವರು. ಗ್ಲ್ಯಾಸ್ಗೊದ ಹಂಟೇರಿಯನ್ ಮ್ಯೂಸಿಯಮ್ಮಿನಲ್ಲಿ ಲೀಡ್ಸ್ ಕಾಲದ ಇನ್ನೊಂದು ಮಾದರಿ ಇದೆ, ‘ಬಿಗ್ ಮೆಗ್’ ಎಂದು ಅದಕ್ಕೆ ಮುದ್ದಿನ ಹೆಸರು. ಅದನ್ನೂ ಸೇರಿಸಿ ಸಿಕ್ಕಸಿಕ್ಕ ಮಾದರಿಗಳನ್ನೆಲ್ಲ ಅವರು ಅಳೆದರು. ಎಲುಬನ್ನು ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಬೆಳವಣಿಗೆಯ ಗೆರೆಗಳನ್ನು ಎಣಿಸಿದರು. ನಮ್ಮಲ್ಲಿ ಮೀನುಗಾರಿಕೆ ವಿಜ್ಞಾನಿಗಳು ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲನ್ನು ತೆಗೆದು ಪ್ರಾಯ ಹೇಳುವುದೂ ಇಂಥ ಗೆರೆಗಳಿಂದಲೇ.

2013ರಲ್ಲಿ ಲಿಸ್ಟನ್ ಮತ್ತು ಸಂಗಡಿಗರು ಪ್ರಕಟಿಸಿದ ಉತ್ತರ ಹೀಗಿದೆ: ಇಪ್ಪತ್ತರ ಪ್ರಾಯದಲ್ಲಿ ಮೀನು 8ರಿಂದ 9 ಮೀಟರ್ ಇರುತ್ತಿತ್ತು, ನಲವತ್ತರ ಹತ್ತಿರಕ್ಕೆ ಬಂದಾಗ ಸುಮಾರು 16.5 ಮೀಟರ್. 27 ಮೀಟರ್ ಎಂದು ನಂಬಿ ಮಕ್ಕಳಿಗೆ ಹೇಳಿಕೊಟ್ಟವರಿಗೆ ನಿರಾಸೆಯಾಗಿರಬಹುದು. ನನಗಂತೂ ಮೀನು ಈಗಲೇ ದೊಡ್ಡದಾಗಿ ಕಾಣುತ್ತದೆ. ಮೊದಲಿನ ಅಂಕಿಗಳು ಇನ್ನೊಂದು ಮೀನಿನ ಅನುಪಾತದಿಂದ ಬಂದ ಊಹೆ, ಈಗಿನದು ಈ ಮೀನಿನ ಮೈಯಲ್ಲೇ ಬರೆದಿದ್ದ ಲೆಕ್ಕ. ನಲವತ್ತು ವರ್ಷ ಬದುಕಿ ನಿಧಾನವಾಗಿ ಬೆಳೆದ ಒಂದು ಜೀವ ಅಲ್ಲಿ ಎದ್ದು ಬರುತ್ತದೆ. ಇವತ್ತು ಜೀವಂತವಿರುವ ಎಲುಬು ಮೀನುಗಳಲ್ಲಿ ಅತಿ ಭಾರದ್ದು ಸೂರ್ಯಮೀನು, 2021ರಲ್ಲಿ ಅಜೋರ್ಸ್ ದ್ವೀಪಗಳ ಬಳಿ ಸಿಕ್ಕ ಒಂದು ಸೂರ್ಯಮೀನು 2,744 ಕಿಲೊ ತೂಗಿತು. 16.5 ಮೀಟರಿನ ಲೀಡ್ಸಿಕ್ತಿಸ್ ಸುಮಾರು 45 ಟನ್ ಇದ್ದಿರಬೇಕೆಂದು 2018ರಲ್ಲಿ ಸ್ಪೇನ್‌ನ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಷ್ಟು ದೊಡ್ಡ ಮೈಗೆ ಕಿವಿರಿನಿಂದ ಸಾಕಷ್ಟು ಆಮ್ಲಜನಕ ಸಿಗುತ್ತದೆಯೇ ಎಂಬ ಅನುಮಾನ ಹಲವರಿಗಿತ್ತು. ಸಿಗುತ್ತದೆ, ಗಂಟೆಗೆ 17 ಕಿಲೊಮೀಟರಿಗೂ ಹೆಚ್ಚಿನ ವೇಗದಲ್ಲಿ ಈಜಿಕೊಂಡಿರುವಷ್ಟು ಸಿಗುತ್ತದೆ ಎಂಬುದು ಅವರ ಲೆಕ್ಕದ ಫಲ.

ಇಷ್ಟು ದೊಡ್ಡ ಮೀನಿನ ಬಾಯಲ್ಲಿ ಹಲ್ಲಿಲ್ಲ. ಅದರ ಊಟದ ಗುಟ್ಟು ಕಿವಿರಿನಲ್ಲಿದೆ.

ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದವಳಿಗೆ ಕಿವಿರು ಹೊಸತಲ್ಲ. ಮೀನು ಕೊಳ್ಳುವ ಮೊದಲು ಕಿವಿರು ಎತ್ತಿ ಕೆಂಪಿದೆಯಾ ನೋಡು ಎಂದು ಅಮ್ಮ ಕಲಿಸಿದ್ದಳು. ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಮಕ್ಕಳಿಗೆ ಬಂಗುಡೆಯನ್ನೇ ಕೊಡುತ್ತಿದ್ದೆ. ಅದರ ಬಾಯಿಯನ್ನು ಎರಡು ಬೆರಳಿನಿಂದ ಅಗಲಿಸಿ ಬೆಳಕಿಗೆ ಹಿಡಿಯಿರಿ. ಗಂಟಲಿನ ಎರಡೂ ಬದಿಯಲ್ಲಿ ಗರಿಗರಿಯಾಗಿ, ಬೂದುಬಣ್ಣದ ಉದ್ದನೆಯ ಎಳೆಗಳ ಸಾಲು ಕಾಣುತ್ತದೆ. ಉಸಿರಾಡುವ ಕೆಂಪು ಭಾಗ ಕಿವಿರುಕಮಾನಿನ ಹೊರಗಡೆಗೆ, ಈ ಎಳೆಗಳು ಒಳಗಡೆಗೆ, ಬಾಯಿಯ ಕಡೆಗೆ ಮುಖ ಮಾಡಿ ನಿಂತಿರುತ್ತವೆ. ಒಂದು ಎಳೆಯನ್ನು ಕಿತ್ತು ಭೂತಗನ್ನಡಿಯಲ್ಲಿ ನೋಡಿದರೆ ಅದರ ಅಂಚಿನಲ್ಲೂ ಸಣ್ಣ ಮುಳ್ಳುಗಳ ಸಾಲಿದೆ. ಬಂಗುಡೆ ಬಾಯಿ ತೆರೆದು ಈಜುತ್ತದೆ, ನೀರು ಬಾಯಿಂದ ನುಗ್ಗಿ ಕಿವಿರಿನಿಂದ ಹೊರಹೋಗುತ್ತದೆ, ನೀರಿನಲ್ಲಿದ್ದ ಪ್ಲಾಂಕ್ಟನ್ ಎಳೆಗಳಲ್ಲಿ ಸಿಕ್ಕಿಬೀಳುತ್ತದೆ. ಬೂತಾಯಿಯಲ್ಲಿ ಈ ಜಾಲರಿ ಇನ್ನೂ ನಯ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಆಳದ ತಣ್ಣೀರು ಮೇಲೆದ್ದು ಪ್ಲಾಂಕ್ಟನ್ ಬೆಳೆ ಹುಲುಸಾದಾಗ ಬೂತಾಯಿ ದಂಡು ಕಟ್ಟಿ ಬರುವುದು ಈ ಜಾಲರಿಯ ಬಲದಿಂದಲೇ.

ಲೀಡ್ಸಿಕ್ತಿಸ್ ಮಾಡುತ್ತಿದ್ದದ್ದೂ ಇದೇ ಕೆಲಸ. ಅದರ ಕಿವಿರಿನ ಎಳೆಗಳು ಬೆರಳುದ್ದದ ಎಲುಬಿನ ಪಟ್ಟಿಗಳು. ಪಟ್ಟಿಯ ಅಂಚಿಗೆ ಸಣ್ಣ ಸಣ್ಣ ಏಣುಗಳ ಸಾಲು, ಏಣಿನ ಮೇಲೆ ಮತ್ತೂ ಸಣ್ಣ ಮುಳ್ಳು. ಜಾಲರಿಯೊಳಗೊಂದು ಜಾಲರಿ. ಬಂಗುಡೆಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ. ಆದರೂ ನಮ್ಮ ಅಡುಗೆಮನೆಯಲ್ಲಿ ಕಿತ್ತು ಬಿಸಾಡುವ ಆ ಎಳೆಗಳನ್ನು ಒಮ್ಮೆ ಕಣ್ಣಿಟ್ಟು ನೋಡಿದವರಿಗೆ ಲಿಸ್ಟನ್ ಅವರ ಪ್ರಬಂಧ ಓದುವುದು ಕಷ್ಟವಲ್ಲ.

ಕುಟುಂಬದವರೆಲ್ಲ ಇಂಥ ಸಾಧುಗಳಾಗಿರಲಿಲ್ಲ. ಮೊದಲು ಬಂದವರು ಬೇಟೆಗಾರರು. ಜರ್ಮನಿಯ ಹೋಲ್ಜ್‌ಮಾಡೆನ್ ಸುತ್ತಲಿನ ಕಪ್ಪು ಶಿಲೆಯಲ್ಲಿ, 18 ಕೋಟಿ ವರ್ಷಗಳಷ್ಟು ಹಳೆಯದು, ಪ್ಯಾಕಿಕಾರ್ಮಸ್ ಎಂಬ ಮೀನು ಇಡಿಯಾಗಿ ಸಿಗುತ್ತದೆ. ಹೆಚ್ಚಾಗಿ ಮೆದು ಮೈಯ ಜೀವಿಗಳನ್ನು ನುಂಗುತ್ತಿದ್ದ, ಒಂದು ಮೀಟರಿನ ಆಸುಪಾಸಿನ ಮೀನು. ಅಂಥ ಒಂದರ ಹೊಟ್ಟೆಯಲ್ಲಿ ಸುಮಾರು 10 ಸೆಂಟಿಮೀಟರ್ ಅಡ್ಡಳತೆಯ ಅಮೊನೈಟ್, ಸುರುಳಿ ಚಿಪ್ಪಿನ ಪ್ರಾಣಿ, ಹಾಗೇ ಇದೆ. ಚಿಪ್ಪು ಕರಗುವ ಮೊದಲೇ ಮೀನು ಸತ್ತಿದೆ. ನುಂಗಿದ್ದೇ ಸಾವಿಗೆ ಕಾರಣವಾಗಿರಬೇಕು ಎಂದು 2023ರಲ್ಲಿ ಸಂಶೋಧಕರು ಬರೆದರು. ಆ ಚಿತ್ರ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಅಷ್ಟು ಕೋಟಿ ವರ್ಷ ದಾಟಿ ಬಂದದ್ದು ಒಂದು ತುತ್ತು ತಪ್ಪಿದ ಕಥೆ.

ಕೊನೆಗಾಲದಲ್ಲಿ ಬಂದ ಪ್ರೊಟೊಸ್ಫೈರೀನಾ ಅಂತೂ ಮೂತಿಯಲ್ಲಿ ಕತ್ತಿ ಹೊತ್ತು, ಬಾಯಲ್ಲಿ ಚೂರಿಯಂಥ ಹಲ್ಲು ಇಟ್ಟುಕೊಂಡಿತ್ತು. ಅದರ ಎದೆರೆಕ್ಕೆಯ ಅಂಚು ಗರಗಸ. ಅಮೆರಿಕದ ಕನ್ಸಾಸ್ ರಾಜ್ಯದ ಸುಣ್ಣದ ಶಿಲೆಯಲ್ಲಿ ಇದರ ತುಣುಕುಗಳು ಆಗಾಗ ಸಿಗುತ್ತವೆ. ಈ ಕನ್ಸಾಸ್‌ನಲ್ಲೇ ಕುಟುಂಬದ ಕಥೆಗೆ ಹೊಸ ತಿರುವು ಸಿಕ್ಕಿದ್ದು.

ಲೀಡ್ಸಿಕ್ತಿಸ್ ಸಮುದ್ರದ ಚರಿತ್ರೆಯಲ್ಲಿ ಒಂದು ಕ್ಷಣಿಕ ವಿಚಿತ್ರ ಎಂದೇ ಬಹುಕಾಲ ನಂಬಿದ್ದರು. ಪ್ಲಾಂಕ್ಟನ್ ಸೋಸಿ ತಿನ್ನುವ ದೊಡ್ಡ ಮೀನು ಜುರಾಸಿಕ್‌ನಲ್ಲಿ ಒಮ್ಮೆ ಬಂತು, ಹೋಯಿತು, ಆಮೇಲೆ ಡೈನೊಸಾರುಗಳು ಅಳಿಯುವವರೆಗೆ ಆ ಜಾಗ ಖಾಲಿ ಎಂದು. 1971ರಲ್ಲಿ ಪಳೆಯುಳಿಕೆ ಹುಡುಕುವುದರಲ್ಲಿ ಹೆಸರಾದ ಕನ್ಸಾಸ್‌ನ ಬಾನರ್ ಕುಟುಂಬದವರಿಗೆ ಒಂದು ದೊಡ್ಡ ಮೀನು ಸಿಕ್ಕಿ ಅದು ಕನ್ಸಾಸ್ ವಿಶ್ವವಿದ್ಯಾಲಯದ ಸಂಗ್ರಹ ಸೇರಿತ್ತು. ಅದೂ ಒಂದು ಕತ್ತಿಮೂತಿಯ ಬೇಟೆಗಾರ ಮೀನೆಂದೇ ಎಣಿಸಿದ್ದರು. ದಶಕಗಳ ನಂತರ ಶಿಲೆ ಬಿಡಿಸಿ ನೋಡಿದರೆ ಕತ್ತಿಯೂ ಇಲ್ಲ, ಹಲ್ಲೂ ಇಲ್ಲ. ಉದ್ದ ದವಡೆಗಳು, ದೊಡ್ಡ ಕಿವಿರುಕಮಾನುಗಳು. ಮ್ಯಾಟ್ ಫ್ರೀಡ್‌ಮನ್ ಮತ್ತು ಸಂಗಡಿಗರು, ಲಿಸ್ಟನ್ ಅವರೂ ಅದರಲ್ಲಿದ್ದರು, 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದಕ್ಕೆ ಬಾನರಿಕ್ತಿಸ್ ಎಂದು ಹೆಸರಿಟ್ಟರು. ಹಿಂದೆಯೇ ಇಂಗ್ಲೆಂಡಿನ ಸೀಮೆಸುಣ್ಣದ ಬಂಡೆಯಲ್ಲಿ ಸಿಕ್ಕಿದ್ದ ರಿಂಕೊನಿಕ್ತಿಸ್ ಎಂಬ ಇನ್ನೊಂದರ ಗುಟ್ಟೂ ಆಗಲೇ ಬಿಚ್ಚಿಕೊಂಡಿತು. ಅದರ ಜಾತಿಯವು ಜಪಾನಿನಲ್ಲೂ ಅಮೆರಿಕದ ಕೊಲರಾಡೊದಲ್ಲೂ ಸಿಕ್ಕಿವೆ. ಖಾಲಿ ಎಂದುಕೊಂಡ ಜಾಗ ಖಾಲಿಯಿರಲಿಲ್ಲ. ಸುಮಾರು ಹತ್ತು ಕೋಟಿ ವರ್ಷ ಒಂದೇ ಕುಟುಂಬದ ಮೀನುಗಳು ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಪ್ಲಾಂಕ್ಟನ್ ಸೋಸಿಕೊಂಡಿದ್ದವು. ಸಾಕ್ಷ್ಯ ಮ್ಯೂಸಿಯಮ್ಮುಗಳ ಕಪಾಟಿನಲ್ಲೇ ಕೂತಿತ್ತು.

ಫ್ರೀಡ್‌ಮನ್ 2012ರಲ್ಲಿ ಇನ್ನೂ ಒಂದು ಮಾತು ತೋರಿಸಿಕೊಟ್ಟರು. ಹಲ್ಲಿಲ್ಲದ ತಿಮಿಂಗಿಲಗಳೂ ಈ ಮೀನುಗಳೂ ನಡೆದ ದಾರಿ ಬಹುಮಟ್ಟಿಗೆ ಒಂದೇ. ಎರಡೂ ಕಡೆ ಮೂಲಪುರುಷರು ಬೇಟೆಗಾರರು, ಮಧ್ಯದಲ್ಲಿ ದವಡೆ ಬದಲಾದವು, ಕೊನೆಗೆ ಹಲ್ಲು ಹೋಗಿ ಬಾಯಿ ಸೋಸುವ ಸಾಧನವಾಯಿತು. ಒಂದು ಸಸ್ತನಿ, ಒಂದು ಮೀನು, ನಡುವೆ ಕೋಟಿ ಕೋಟಿ ವರ್ಷ.

6.6 ಕೋಟಿ ವರ್ಷಗಳ ಹಿಂದೆ ಆಕಾಶದಿಂದ ಬಂಡೆ ಅಪ್ಪಳಿಸಿತು. ಅದೇ ಸುಮಾರಿನಲ್ಲಿ ನಮ್ಮ ಬೀದರ್, ಕಲಬುರಗಿ, ಬೆಳಗಾವಿ ಕಡೆಯ ಕಪ್ಪುಶಿಲೆಯಾದ ಲಾವಾ ದಖ್ಖನಿನ ಮೇಲೆ ಹರಿಯುತ್ತಿತ್ತು. ಧೂಳು, ಮಸಿ ಮುಸುಕಿ ಬಿಸಿಲು ಮರೆಯಾಯಿತು, ಬಿಸಿಲನ್ನು ನಂಬಿದ ಪ್ಲಾಂಕ್ಟನ್ ಕುಸಿಯಿತು. ಬಿಸಿಲಿನಿಂದ ಬರೀ ಒಂದೆರಡು ಮೆಟ್ಟಿಲು ದೂರದಲ್ಲಿ ಊಟ ಮಾಡುತ್ತಿದ್ದ ದೊಡ್ಡ ಮೀನುಗಳಿಗೆ ಬೇರೆ ದಾರಿಯಿರಲಿಲ್ಲ. ಕುಟುಂಬ ಅಲ್ಲಿಗೆ ಮುಗಿಯಿತು. ಆ ಜಾಗಕ್ಕೆ ಆಮೇಲೆ ಬೇರೆಯವರು ಬಂದರು: ಕೆಲವು ಶಾರ್ಕ್‌ಗಳು, ಮಾಂಟಾ ತೊರಕೆಗಳು, ಕೊನೆಗೆ ತಿಮಿಂಗಿಲಗಳು. ಎಲುಬು ಮೀನುಗಳಲ್ಲಿ ಯಾವುದೂ ಮತ್ತೆ ಆ ಗಾತ್ರಕ್ಕೆ ಬೆಳೆಯಲಿಲ್ಲ.

ಕರ್ನಾಟಕದಲ್ಲಿ ಇಂಥ ಮೀನು ಯಾಕೆ ಸಿಗುವುದಿಲ್ಲ ಎಂದು ಹುಡುಗರು ಕೇಳುವುದುಂಟು. ನಮ್ಮ ನಾಡಿನ ಬಂಡೆಗಳು ಬಹುಪಾಲು ಮೀನು ಎಂಬ ಪ್ರಾಣಿಯೇ ಹುಟ್ಟುವ ಮೊದಲಿನವು, ಕೆಲವು 300 ಕೋಟಿ ವರ್ಷ ದಾಟಿದವು. ಶಹಾಬಾದಿನ ಕಲ್ಲುಚಪ್ಪಡಿಯೂ ಸಮುದ್ರದ ತಳದ್ದೇ, ಆದರೆ ಆ ಸಮುದ್ರದಲ್ಲಿ ಎಲುಬಿನ ಪ್ರಾಣಿಗಳಿರಲಿಲ್ಲ.

ಲೀಡ್ಸಿಕ್ತಿಸ್‌ನ ಕೆಲಸ ಮಾಡುವ ಪ್ರಾಣಿ ಮಾತ್ರ ಇವತ್ತಿಗೂ ನಮ್ಮ ಅರಬ್ಬಿ ಸಮುದ್ರದಲ್ಲಿದೆ: ತಿಮಿಂಗಿಲ ಶಾರ್ಕ್. ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ಹದಿನೆಂಟು ಮೀಟರ್‌ವರೆಗೆ ಬೆಳೆಯುತ್ತದೆ. ಗುಜರಾತಿನ ಕರಾವಳಿಯಲ್ಲಿ ಇದನ್ನು ಎಣ್ಣೆಗೂ ಮಾಂಸಕ್ಕೂ ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದ ಕಾಲವಿತ್ತು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಿದ್ದರಿಂದ ಹುಲಿಗಿರುವ ರಕ್ಷಣೆ ಇದಕ್ಕೂ ಸಿಕ್ಕಿತು. ಈಗ ಅಲ್ಲಿನ ಮೀನುಗಾರರು ಬಲೆಗೆ ತಿಮಿಂಗಿಲ ಶಾರ್ಕ್ ಬಿದ್ದರೆ ಬಲೆಯನ್ನೇ ಕತ್ತರಿಸಿ ಬಿಡುತ್ತಾರೆ, ಬಲೆಯ ನಷ್ಟವನ್ನು ಅರಣ್ಯ ಇಲಾಖೆ ತುಂಬಿಕೊಡುತ್ತದೆ. ಬಲೆಯ ಬೆಲೆ ಗೊತ್ತಿರುವ ಊರಿನವಳು ನಾನು. ಕೈಯಾರೆ ಬಲೆ ಕತ್ತರಿಸುವುದು ಸಣ್ಣ ಮಾತಲ್ಲ. ನಮ್ಮ ಕರಾವಳಿಯ ಬಂದರುಗಳಲ್ಲೂ ಆ ಪರಿಹಾರದ ವ್ಯವಸ್ಥೆ ಸುಲಭವಾಗಿ, ಬೇಗನೆ ಕೈಗೆ ಸಿಗುವಂತಾಗಬೇಕು.